ಸೀಸೆಗೆ ಚಿನ್ನದ ಪದಕ

ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ನರಸಾಪುರವು ಈಗ ಕಾರ್ಖಾನೆಗಳ ಊರು. 2013ರಲ್ಲಿ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳ ಕಾರ್ಖಾನೆ ಇಲ್ಲಿ ಬಾಗಿಲು ತೆರೆಯಿತು. ಆಮೇಲೆ ಮೊಬೈಲುಗಳ ಜೋಡಣೆಯೂ ಬಂದಿತು. ಇಂಥ ಕಡೆಗಳಲ್ಲಿ ಒಂದು ಕಟ್ಟುನಿಟ್ಟು ಉಂಟು. ತಿರುಪಿನ ದಪ್ಪವನ್ನು ಅಳೆಯುವ ಉಪಕರಣವನ್ನು ನಂಬುವ ಮೊದಲು, ಒಂದೇ ತಿರುಪನ್ನು ಅದರಿಂದ ಮೂರು ನಾಲ್ಕು ಸಲ ಅಳೆದು ನೋಡುತ್ತಾರೆ. ಸಲಕ್ಕೊಂದು ಅಳತೆ ಬಂದರೆ ದೋಷ ತಿರುಪಿನದಲ್ಲ, ಉಪಕರಣದ್ದು.

ಇದೇ ಪರೀಕ್ಷೆಗೆ ದ್ರಾಕ್ಷಾಮದ್ಯದ ತೀರ್ಪುಗಾರರ ನಾಲಿಗೆಯನ್ನು ಒಡ್ಡಿದವರು ಅಮೆರಿಕದ ರಾಬರ್ಟ್ ಹಾಡ್ಜ್‌ಸನ್. ಸಾಗರವಿಜ್ಞಾನದ ಪ್ರಾಧ್ಯಾಪಕರಾಗಿದ್ದು ನಿವೃತ್ತರಾದ ಇವರು ಕ್ಯಾಲಿಫೋರ್ನಿಯಾದಲ್ಲಿ ಸಣ್ಣದೊಂದು ವೈನ್ ತಯಾರಿಕೆಯನ್ನೂ ನಡೆಸುತ್ತಿದ್ದರು. ಅವರ ಸೀಸೆಗಳಿಗೆ ಒಂದು ಸ್ಪರ್ಧೆಯಲ್ಲಿ ಚಿನ್ನದ ಪದಕ. ಮತ್ತೊಂದರಲ್ಲಿ ಅದೇ ಸರಕಿಗೆ ಕವಡೆ ಕಿಮ್ಮತ್ತೂ ಇಲ್ಲ! ಬೇರೆಯವರಾಗಿದ್ದರೆ ಪದಕವನ್ನು ಗೋಡೆಗೆ ತೂಗುಹಾಕಿ, ಸೋಲನ್ನು ಮರೆತುಬಿಡುತ್ತಿದ್ದರು. ಇವರು ಲೆಕ್ಕಕ್ಕೆ ಕುಳಿತರು.

ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ 2005ರಿಂದ 2008ರವರೆಗೆ ನಡೆದ ಪ್ರಯೋಗ ಸರಳವಾದುದು. ತೀರ್ಪುಗಾರರ ಮುಂದಿಡುವ ಬಟ್ಟಲುಗಳಲ್ಲಿ, ಅವರಿಗೆ ತಿಳಿಯದಂತೆ, ಒಂದೇ ಸೀಸೆಯಿಂದ ಸುರಿದ ಮೂರು ಬಟ್ಟಲುಗಳನ್ನು ಸೇರಿಸಲಾಯಿತು. ಮೂರಕ್ಕೂ ಒಂದೇ ದರ್ಜೆಯ ಪದಕವನ್ನು ಕೊಡಬಲ್ಲವರಾದುದು ಹತ್ತು ಮಂದಿಯಲ್ಲಿ ಒಬ್ಬರು ಮಾತ್ರ! ಇನ್ನೊಂದು ಹತ್ತರಲ್ಲೊಂದು ಭಾಗದವರು, ಒಮ್ಮೆ ಕಂಚೆಂದುದನ್ನೇ ಮತ್ತೊಮ್ಮೆ ಚಿನ್ನವೆಂದ ಸಂದರ್ಭಗಳೂ ಇದ್ದುವು. ಇವರು ದಾರಿಹೋಕರಲ್ಲ, ಪಳಗಿದ ಪರಿಣತರು ಎಂಬುದನ್ನು ನೆನಪಿನಲ್ಲಿಡಬೇಕು.

2009ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು. ಅಮೆರಿಕದ 13 ಸ್ಪರ್ಧೆಗಳ ಫಲಿತಾಂಶಗಳನ್ನು ಹಾಡ್ಜ್‌ಸನ್ ಒಟ್ಟಿಗೆ ಇಟ್ಟು ನೋಡಿದರು. ಮೂರಕ್ಕಿಂತ ಹೆಚ್ಚು ಸ್ಪರ್ಧೆಗಳಿಗೆ ಹೋದ ಮದ್ಯಗಳು 2,440. ಅವುಗಳಲ್ಲಿ ಶೇಕಡ 47ಕ್ಕೆ ಎಲ್ಲಿಯಾದರೂ ಒಂದು ಕಡೆ ಚಿನ್ನ ದೊರೆತಿತ್ತು. ಆದರೆ ಹೀಗೆ ಚಿನ್ನ ಪಡೆದವುಗಳಲ್ಲಿ ಶೇಕಡ 84ಕ್ಕೆ ಮತ್ತಾವುದೋ ಸ್ಪರ್ಧೆಯಲ್ಲಿ ಯಾವ ಪದಕವೂ ಇಲ್ಲ. ಸಾಕಷ್ಟು ಕಡೆಗೆ ಕಳುಹಿಸುವ ಶಕ್ತಿಯಿದ್ದವನಿಗೆ ಪದಕವೊಂದು ಬರುವುದು ಬಹುಮಟ್ಟಿಗೆ ಚೀಟಿ ಎತ್ತಿದಂತೆ ಎಂದಾಯಿತು. ಪ್ರವೇಶ ಶುಲ್ಕವನ್ನು ತೆರುವವನು ತಯಾರಕ, ಪಡೆಯುವವರು ಸ್ಪರ್ಧೆ ನಡೆಸುವವರು. ಸೀಸೆಯ ಮೇಲೆ ಅಂಟಿಸುವುದು ಗೆದ್ದುದರ ಗುರುತನ್ನಲ್ಲದೆ ಸೋತುದರ ಗುರುತನ್ನಲ್ಲವಷ್ಟೆ!

ವೈನ್ ಸಂಗ್ರಹದ ಹವ್ಯಾಸವುಳ್ಳವರು ವರ್ಷದ ಶ್ರೇಷ್ಠವೆಂಬ ಬಿರುದಿಗೆ ಮೂಗು ಮುರಿಯುವುದಕ್ಕೆ ಮತ್ತೂ ಒಂದು ಕಾರಣವಿದೆ. ಒಂದೇ ಬೆಳಗಿನಲ್ಲಿ ಹತ್ತಾರು ಬಟ್ಟಲುಗಳನ್ನು ಬಾಯಲ್ಲಾಡಿಸಿ ಉಗುಳುವ ನಾಲಿಗೆ ದಣಿಯುತ್ತದೆ. ದಣಿದ ನಾಲಿಗೆಗೆ ಎದ್ದು ಕಾಣುವುದು ಗಾಢವಾದುದು, ಸಿಹಿಯಾದುದು, ಮರದ ಪೀಪಾಯಿಯ ವಾಸನೆ ಬಲವಾಗಿರುವುದು. ಹತ್ತು ವರ್ಷ ಕತ್ತಲ ಕೋಣೆಯಲ್ಲಿದ್ದು ಹದಗೊಳ್ಳಬೇಕಾದ ಮದ್ಯಕ್ಕೆ ಎಳವೆಯಲ್ಲಿ ಹೇಳುವ ತೀರ್ಪು, ಮಗುವಿನ ತೊಟ್ಟಿಲ ಬಳಿ ನಿಂತು ಬರೆದ ಜಾತಕದಂತೆಯೇ ಸರಿ.

ಹಾಗೆಂದು ಸ್ಪರ್ಧೆಗಳಿಂದ ಉಪಕಾರವೇ ಆಗಿಲ್ಲವೆಂದರೆ ಅನ್ಯಾಯವಾದೀತು. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲ ವ್ಯಾಪಾರಿ ಸೀಸೆಯ ಹೆಸರು ತಿಳಿಸದೆ ಫ್ರೆಂಚ್ ಪರಿಣತರಿಂದ ರುಚಿ ನೋಡಿಸಿದಾಗ, ಬಿಳಿ ಕೆಂಪು ಎರಡರಲ್ಲಿಯೂ ಮೊದಲು ಬಂದುದು ಕ್ಯಾಲಿಫೋರ್ನಿಯಾ. ಫ್ರಾನ್ಸಿನ ಹಮ್ಮು ಅಂದು ಮುರಿಯಿತು. ಅದೇ ಸ್ಪರಿಯರ್ ಅವರು 2005ರಲ್ಲಿ, ನಮ್ಮ ನಂದಿಬೆಟ್ಟದ ತಪ್ಪಲಿನ ಗ್ರೋವರ್ ಸಂಸ್ಥೆಯ ಕೆಂಪು ಮದ್ಯವೊಂದನ್ನು ಮೆಚ್ಚಿ, ಇಂಗ್ಲೆಂಡಿನ 'ಡಿಕ್ಯಾಂಟರ್' ಪತ್ರಿಕೆಯಲ್ಲಿ ಹೊಗಳಿದರು. 1988ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರು ಹೊರದೇಶಗಳಿಗೆ ಮುಟ್ಟುವುದಕ್ಕೆ ಆ ಹೊಗಳಿಕೆಯೂ ನೆರವಾಯಿತು. ಒಬ್ಬ ಮನುಷ್ಯನ ಮೆಚ್ಚುಗೆಯೆಂದು ತಿಳಿದರೆ ಅದಕ್ಕೆ ಬೆಲೆಯಿದೆ. ಜಗತ್ತಿನ ತೀರ್ಪೆಂದು ಕೊಂಡರೆ ದುಬಾರಿ.

ಕೋಲಾರ ಸೀಮೆಯ ರೈತನಿಗೆ ಈ ಪದಕಗಳಿಂದ ಬಂದುದೇನು? ಸ್ಪರ್ಧೆಗಳಲ್ಲಿ ಮೆರೆಯುವುದು ಕ್ಯಾಬರ್ನೆ, ಶಿರಾಜ್ ಮೊದಲಾದ ಪರದೇಶದ ತಳಿಗಳು. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳ ಸುತ್ತ ತಲೆಮಾರುಗಳಿಂದ ಚಪ್ಪರಕ್ಕೆ ಹಬ್ಬಿರುವ 'ಬೆಂಗಳೂರು ನೀಲಿ' ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸ್ಪರ್ಧೆಯ ಮೇಜಿನ ಬಳಿ ಮಾತ್ರ ಅದಕ್ಕೆ ಪೀಠವಿಲ್ಲ. ಅದರ ಘಾಟು ಪರಿಮಳ ಫ್ರೆಂಚ್ ತಳಿಗಳಿಗೆ ಒಗ್ಗಿದ ಮೂಗಿಗೆ ಹಿಡಿಸದು. ಆದರೂ ಮನೆಯ ಜಾಮಿಗೆ, ಹಣ್ಣಿನ ರಸಕ್ಕೆ, ಅಗ್ಗದ ಸಿಹಿ ಪೋರ್ಟ್ ವೈನಿಗೆ ಬೇಕಾದುದು ಅದೇ. ಬೆಳೆಗಾರ ಕಾಯುವುದು ಮಾರುಕಟ್ಟೆಯ ಬೆಳಗಿನ ಧಾರಣೆಗಾಗಿ. ಅಲ್ಲಿ ಹಣ್ಣನ್ನು ಬಾಯಿಗೆ ಹಾಕಿಕೊಂಡು ದರ ಹೇಳುವ ವ್ಯಾಪಾರಿಗೆ, ತಪ್ಪಿದರೆ ತನ್ನದೇ ಗಂಟು ಹೋಗುವುದೆಂಬ ಭಯವಾದರೂ ಉಂಟು.