ಶೋರೂಮ್ ಮುಚ್ಚಿದರೂ ತಪ್ಪದ ಬಾಡಿಗೆ
2019ರ ಫೆಬ್ರವರಿ 28ರಂದು ಅಮೆರಿಕದ ಟೆಸ್ಲಾ ಕಂಪನಿ ಮಾಡೆಲ್ 3 ವಿದ್ಯುತ್ ಕಾರನ್ನು 35,000 ಡಾಲರ್‌ಗೆ ಕೊಡುವುದಾಗಿ ಸಾರಿತು. ಖರ್ಚು ತಗ್ಗಿಸಲು ಬಹುತೇಕ ಶೋರೂಮ್‌ಗಳನ್ನು ಮುಚ್ಚಿ ಆನ್‌ಲೈನ್‌ನಲ್ಲೇ ಮಾರುವ ಯೋಜನೆ ಅದರದು. ಆದರೆ ಬಾಗಿಲು ಹಾಕಿದ ಮಾತ್ರಕ್ಕೆ ಬಾಡಿಗೆ ನಿಲ್ಲುವುದಿಲ್ಲ. ಕರಾರಿನ ಅವಧಿ ಮುಗಿಯುವವರೆಗೆ ಕಟ್ಟಡದ ಮಾಲೀಕರಿಗೆ ಹಣ ತೆರಲೇಬೇಕು. ಇಷ್ಟು ಸರಳ ಲೆಕ್ಕ ಮೊದಲೇ ಹೊಳೆಯದಿದ್ದುದು ವಿಚಿತ್ರ. ಹತ್ತೇ ದಿನಗಳಲ್ಲಿ ಕಂಪನಿ ಹಿಂದೆ ಸರಿದು, ಹಲವು ಮಳಿಗೆಗಳನ್ನು ಉಳಿಸಿಕೊಂಡು, ದುಬಾರಿ ಮಾದರಿಗಳ ದರವನ್ನು ಸರಾಸರಿ ಶೇ 3ರಷ್ಟು ಏರಿಸಿತು.

ಹೀಗೆ ದರ ಇಳಿಸಿದಾಗ ದೊಡ್ಡ ಪೆಟ್ಟು ಬೀಳುವುದು ಮರುಮಾರಾಟದ ಬೆಲೆಗೆ. ಹೊಸ ಕಾರು ಅಗ್ಗವಾದರೆ ಹಳೆಯದೂ ಅಗ್ಗವಾಗುತ್ತದೆ. 2023ರ ಜನವರಿಯಲ್ಲಿ ಟೆಸ್ಲಾ ದರ ಇಳಿಸಿದಾಗ, ಚೀನಾದಲ್ಲಿ ಆಗಷ್ಟೇ ಕಾರು ಕೊಂಡವರು ಅದರ ಮಳಿಗೆಗಳೆದುರು ಪ್ರತಿಭಟಿಸಿದರು. ಕಾರು ಬಾಡಿಗೆಗೆ ಕೊಡುವ ಹರ್ಟ್ಜ್ ಕಂಪನಿ 2024ರ ಜನವರಿಯಲ್ಲಿ ಸುಮಾರು 20,000 ವಿದ್ಯುತ್ ಕಾರುಗಳನ್ನು ಮಾರಲು ನಿರ್ಧರಿಸಿತು. ಮೌಲ್ಯ ಕುಸಿತದ ಹೊರೆ ಸುಮಾರು 24.5 ಕೋಟಿ ಡಾಲರ್.