ಹಳೆ ಕಾರಿಗೆ ಹೊಸ ಹೆಡ್‌ಲೈಟ್

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ರಾತ್ರಿ ಹೋದವರಿಗೆ ಗೊತ್ತು: ಭತ್ತದ ಸುಗ್ಗಿಯಲ್ಲಿ ಹಿಂದೆ ದೀಪವಿಲ್ಲದ ಟ್ರಾಲಿ ತೀರಾ ಹತ್ತಿರ ಹೋದಾಗಲೇ ಕಾಣುತ್ತದೆ. ಆಗ ಹಳೆ ಮಾರುತಿ 800 ಇದ್ದವರಿಗೆ ಬಿಳಿ ಎಲ್‌ಇಡಿ ಬಲ್ಬಿನ ಆಸೆ. ಆದರೆ ಆ ಹೆಡ್‌ಲೈಟಿನ ಒಳಗನ್ನಡಿಯನ್ನು ಹ್ಯಾಲೊಜನ್ ಬಲ್ಬಿನ ತಂತಿಗೆ ಸರಿಹೊಂದುವಂತೆ ಮಾಡಿರುತ್ತಾರೆ. ಎಲ್‌ಇಡಿ ಹಾಕಿದರೆ ಬೆಳಕು ಚದುರಿ, ಎದುರು ಬರುವ ಬೈಕಿನವನ ಕಣ್ಣು ಕತ್ತಲಾಗುತ್ತದೆ. 100 ವ್ಯಾಟಿನ ಬಲ್ಬ್ ಹಾಕಿದರೆ ಹಳೆ ಹೋಲ್ಡರ್, ವೈರು ಕಾದು ಕರಗಬಹುದು. ಸಾಮಾನ್ಯವಾಗಿ ಎಚ್4, 60/55 ವ್ಯಾಟ್ ಸಾಕು.

ಒಳಗನ್ನಡಿಯ ಹೊಳಪೇ ಹೋಗಿದ್ದರೆ ಯಾವ ಬಲ್ಬೂ ಉಪಯೋಗವಿಲ್ಲ. ಪೂರ್ತಿ ಹೆಡ್‌ಲೈಟ್ ಬದಲಿಸಿ. ಎಡಗಡೆ ಓಡಿಸುವ ದೇಶದ್ದೇ ಕೇಳಿ. ಬಲಗಡೆ ಓಡಿಸುವವರಿಗೆ ಮಾಡಿದ್ದು ಡಿಪ್ಪಿನಲ್ಲೂ ಎದುರಿನವರ ಕಡೆಗೇ ಬೆಳಕು ಎತ್ತುತ್ತದೆ. ಹಾಕಿಸಿದ ಮೇಲೆ ಗೋಡೆಯೆದುರು ಡಿಪ್ ಹಾಕಿ ನೋಡಿ: ಬೆಳಕಿನ ಅಂಚು ಎಡಕ್ಕೆ ಏರಿರಬೇಕು.