ಚಾಲನೆಯಲ್ಲಿ ‘ನಾನೇ ಮೇಲು’ ಎಂಬ ಭಾವ

ಅಡುಗೆ, ಮಾತುಗಾರಿಕೆ, ವಾಹನ ಚಾಲನೆ ಮುಂತಾದ ನಿತ್ಯದ ಕೆಲಸಗಳಲ್ಲಿ ತಾನು ಹತ್ತು ಜನರಿಗಿಂತ ಮೇಲು ಎಂದು ಭಾವಿಸುವುದು ಮನುಷ್ಯ ಸಹಜ. ಅಡುಗೆಯ ವಿಷಯದಲ್ಲಿ ಇದರಿಂದಾಗುವ ಹಾನಿ ಅಲ್ಪ. ಊಟಕ್ಕೆ ಕುಳಿತವರು ಮುಗುಳ್ನಕ್ಕು ಸುಮ್ಮನಾಗುತ್ತಾರೆ. ವಾಹನ ನಡೆಸುವವನಲ್ಲಿ ಇದೇ ಭಾವವಿದ್ದರೆ ಮಾತ್ರ ಅದು ತನ್ನ ಹಾಗೂ ಪರರ ಪ್ರಾಣಕ್ಕೆ ಸಂಬಂಧಿಸಿದ ಸಂಗತಿಯಾಗುತ್ತದೆ.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಲಾ ಸ್ವೆನ್ಸನ್ ಅವರು 1981ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂದಿಗೂ ಪ್ರಸಿದ್ಧವಾಗಿದೆ. ತಮ್ಮ ಗುಂಪಿನ ಇತರರೊಡನೆ ಹೋಲಿಸಿದಾಗ ಚಾಲನಾ ಕೌಶಲದಲ್ಲಿ ತಮ್ಮ ಸ್ಥಾನ ಯಾವುದೆಂದು ಅವರು ವಿದ್ಯಾರ್ಥಿಗಳನ್ನು ಕೇಳಿದರು. ಅಮೆರಿಕದ ಗುಂಪಿನಲ್ಲಿ ಶೇ. 93ರಷ್ಟು, ಸ್ವೀಡನ್ನಿನ ಗುಂಪಿನಲ್ಲಿ ಶೇ. 69ರಷ್ಟು ಮಂದಿ ತಮ್ಮನ್ನು ಮೇಲಿನ ಅರ್ಧಭಾಗದಲ್ಲಿಯೇ ಇರಿಸಿಕೊಂಡರು. ಆದರೆ ಯಾವ ಗುಂಪಿನಲ್ಲಾದರೂ ಮೇಲಿನ ಅರ್ಧದಲ್ಲಿ ಇರಬಲ್ಲವರು ಅರ್ಧದಷ್ಟು ಜನ ಮಾತ್ರವಲ್ಲವೇ?

ಇದಕ್ಕೆ ಕಾರಣಗಳುಂಟು. ಮೊದಲನೆಯದಾಗಿ, ಪ್ರತಿಯೊಬ್ಬನೂ ತನಗೊಪ್ಪುವ ಅಳತೆಗೋಲನ್ನೇ ಹಿಡಿಯುತ್ತಾನೆ. ನಿಧಾನವಾಗಿ ಹೋಗುವವನಿಗೆ ನಿಧಾನವೇ ಜಾಣತನ, ವೇಗವಾಗಿ ಹೋಗುವವನಿಗೆ ವೇಗವೇ ನೈಪುಣ್ಯ. ಎರಡನೆಯದಾಗಿ, ನಮ್ಮ ತಪ್ಪುಗಳು ಬಹುಪಾಲು ನಮಗೆ ತಿಳಿಯುವುದೇ ಇಲ್ಲ. ಎದುರಿನವರು ಬ್ರೇಕ್ ಹಾಕಿ ಅಪಘಾತ ತಪ್ಪಿಸಿದರೆ ಅದನ್ನೂ ನಮ್ಮ ಕೌಶಲವೆಂದೇ ಎಣಿಸುತ್ತೇವೆ. ಮೂರನೆಯದಾಗಿ, ರೂಢಿಯಿಂದ ಸುಲಭವೆನಿಸಿದ ಕೆಲಸದಲ್ಲಿ ನಾವು ನಿಪುಣರೆಂಬ ಭಾವ ತಾನಾಗಿಯೇ ಬೆಳೆಯುತ್ತದೆ. ಅದೇ ಕೆಲಸ ಇತರರಿಗೂ ಅಷ್ಟೇ ಸುಲಭ ಎಂಬುದನ್ನು ಮರೆಯುತ್ತೇವೆ.

ದೇಹದ ಮಿತಿಗಳು ಈ ಆತ್ಮವಿಶ್ವಾಸಕ್ಕೆ ಮಣಿಯುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಎರಡು ಸೆಕೆಂಡು ಮೊಬೈಲ್ ನೋಡಿದರೆ 33 ಮೀಟರ್ ದಾರಿಯನ್ನು ಕಣ್ಣು ಮುಚ್ಚಿ ಕ್ರಮಿಸಿದಂತೆಯೇ ಸರಿ. ಕಣ್ಣಿನ ಪೊರೆ ನಿಧಾನವಾಗಿ ಬೆಳೆಯುವುದರಿಂದ ದೃಷ್ಟಿ ಮಂದವಾದುದು ಬೇಗ ಅರಿವಿಗೆ ಬಾರದು. ರಾತ್ರಿ ಎದುರು ವಾಹನದ ದೀಪ ಕಣ್ಣು ಕುಕ್ಕುವುದು ಅದರ ಒಂದು ಸೂಚನೆ. ನೆಗಡಿ, ಅಲರ್ಜಿಗೆ ಸೇವಿಸುವ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ. ನಿದ್ರೆಗೆಟ್ಟವನ ಮಿದುಳು ಕ್ಷಣಕಾಲ ತನಗರಿವಿಲ್ಲದೆಯೇ ನಿದ್ರೆಗೆ ಜಾರಬಲ್ಲದು. ಜಾತ್ರೆ, ರಥೋತ್ಸವಗಳನ್ನು ಮುಗಿಸಿ ಪ್ರಸಾದ ಸ್ವೀಕರಿಸಿ ನಡುರಾತ್ರಿಯಲ್ಲಿಯೇ ಊರಿಗೆ ಹೊರಡುವ ಸದ್ಭಕ್ತರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪರಿಹಾರ ಕಠಿಣವೇನಲ್ಲ. ನಲವತ್ತು ದಾಟಿದವರು ಕಾಲಕಾಲಕ್ಕೆ ಕಣ್ಣಿನ ತಪಾಸಣೆ ಮಾಡಿಸಿಕೊಳ್ಳಬೇಕು. ಹೊಸ ಔಷಧ ಕೊಡುವಾಗ ವಾಹನ ನಡೆಸಬಹುದೇ ಎಂದು ವೈದ್ಯರನ್ನು ಕೇಳಬೇಕು. ತೂಕಡಿಕೆ ಬಂದರೆ ಗಾಜು ಇಳಿಸಿ ಗಾಳಿಗೆ ಮುಖವೊಡ್ಡಿದರೆ ಸಾಲದು. ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಮಲಗಬೇಕು, ಇಲ್ಲವೇ ಅಂದು ಮಠದಲ್ಲಿಯೇ ತಂಗಬೇಕು. ಹೆಲ್ಮೆಟ್, ಸೀಟ್ ಬೆಲ್ಟ್‌ಗಳು ನಿಪುಣನಿಗೂ ಬೇಕು. ಏಕೆಂದರೆ ಎದುರಿನಿಂದ ಬರುವವನೂ ತನ್ನನ್ನು ನಿಪುಣನೆಂದೇ ತಿಳಿದಿರುತ್ತಾನೆ.

ಶರಣರು ಅನುಭವ ಮಂಟಪದಲ್ಲಿ ತಮ್ಮ ಅನುಭಾವವನ್ನು ಇತರ ಶರಣರ ಮುಂದಿರಿಸಿ ಒರೆಗೆ ಹಚ್ಚುತ್ತಿದ್ದರು. ನಮ್ಮ ಚಾಲನೆಗೂ ಅಂತಹ ಒರೆಗಲ್ಲು ಮನೆಯಲ್ಲಿಯೇ ಇದೆ. ನಿತ್ಯ ಜೊತೆಯಲ್ಲಿ ಪಯಣಿಸುವ ಮಡದಿಯನ್ನೋ ಮಕ್ಕಳನ್ನೋ ಒಮ್ಮೆ ಕೇಳಿ: “ನಾನು ಗಾಡಿ ಓಡಿಸುವಾಗ ನಿಮಗೆ ಎಲ್ಲಿ ಭಯವಾಗುತ್ತದೆ?” ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಆಲಿಸಿ, ಮರುದಿನದಿಂದಲೇ ತಿದ್ದಿಕೊಳ್ಳಿ.